ಕರೆಯದೆ ಹೋಗದ ತಮ್ಮಯ್ಯನೂ ಕರೆಯದೆ ಬರುವ ಇಲಿಗಳೂ

ಇಲಿಗಳ ಸಮೇತ ಕ್ಷೇಮವಾಗಿರುವಿರೆಂದು ನಾವು ನಂಬಿರುವ ಮನೋರೋಗ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಹೆಂಡತಿಯ ತಮ್ಮನಾದ ತಮ್ಮಯ್ಯ ನಿಮ್ಮ ಪರೀಕ್ಷೆಯ ಕೊಠಡಿಯಲ್ಲಿ ಎದ್ದು ಹೋಗಿ ಒಂದು ಲೋಟ ಕಾಫಿ ತೆಗೆದುಕೊಳ್ಳಲಿಲ್ಲ ಎಂಬ ಕಾರಣಕ್ಕೆ ಅವನನ್ನು ಮನೆಗೆ ಕಳಿಸುವುದನ್ನು ತಡೆದು, ದೀರ್ಘಾವಧಿ ವಾರ್ಡಿಗೆ ಹಾಕಲು ತಾವು ಅಪ್ಪಣೆ ಕೊಟ್ಟಿದ್ದೀರಿ. ಮುಂದಿನ ತಿಂಗಳು ನನ್ನ ಮಗಳು ಸಹನಳ ಮದುವೆ. ಅವಳ ಕೈ ಹಿಡಿದು ಹಸೆಗೆ ಕರೆತರಬೇಕಾದ ಸೋದರಮಾವ ಅವನೊಬ್ಬನೇ. ನನ್ನ ದೂರು ಇಷ್ಟೇ. ಇದನ್ನು ಒಂದು ಕಾರ್ಡಿನಲ್ಲಿ ಬರೆಯಬಹುದಿತ್ತು, ಬರೆದೂ ಇದ್ದೆ. ತಮ್ಮ ಕಚೇರಿಯಿಂದ ಬಂದ ಉತ್ತರ ಓದಿದ ಮೇಲೆ, ವಿಸ್ತಾರವಾಗಿ ಹೇಳದೆ ಹೋದರೆ ತಮ್ಮಂಥ ದೊಡ್ಡವರಿಗೆ ಇಷ್ಟು ಸಣ್ಣ ವಿಷಯ ತಿಳಿಯುವುದು ಕಷ್ಟ ಎಂದು ಗೊತ್ತಾಯಿತು.

ನಾನು ನಾಗಮಂಗಲದಲ್ಲಿ ಒಂದು ಪ್ರೆಸ್ಸು ಇಟ್ಟುಕೊಂಡವನು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾಗದ, ಹಾಲಿನ ಸಂಘದ ನೋಟೀಸು, ಇವೇ ನನ್ನ ಸಾಹಿತ್ಯ. ಈ ಪತ್ರವನ್ನು ಮೊದಲು ಒಂದು ದಿನಪತ್ರಿಕೆಗೆ ಕಳಿಸಿದೆ. ಅಂಗೈಯಗಲಕ್ಕೆ ಇಳಿಸಿ ಕೊಡಿ ಎಂದರು. ಇಳಿಸಲು ನನಗೂ ಬರುತ್ತದೆ, ಆದರೆ ತಮ್ಮಯ್ಯ ಅಂಗೈಯಗಲದ ಆಸಾಮಿಯಲ್ಲ. ಹಾಗಾಗಿ ನನ್ನ ಅಚ್ಚುಮೊಳೆ, ನನ್ನ ಮಸಿ, ನನ್ನ ಕಾಗದ ಎಂದುಕೊಂಡು ನಾನೇ ಅಚ್ಚು ಹಾಕಿ ಪಾಂಡವಪುರ, ಕೆ.ಆರ್.ಪೇಟೆ, ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡುಗಳಲ್ಲಿ ಹಂಚುತ್ತಿದ್ದೇನೆ. ಇದು ತಮ್ಮ ಕೈಗೆ ಕಡಲೆಕಾಯಿಯ ಪೊಟ್ಟಣವಾಗಿ ಬಂದು ಸೇರಿದರೂ ದಯವಿಟ್ಟು ಬಿಡಿಸಿ ಓದಬೇಕು.

ತಮ್ಮಯ್ಯನಿಗೆ ಕಾಯಿಲೆಯೇ ಇರಲಿಲ್ಲ ಎಂದು ವಾದಿಸುವವನು ನಾನಲ್ಲ. ದೇವಲಾಪುರದಲ್ಲಿ ಅವರದು ತೆಂಗಿನ ತೋಟ ಇರುವ ಮನೆ. ಎರಡು ವರ್ಷದ ಹಿಂದೆ ಕೊಬ್ಬರಿ ಅಟ್ಟ ಹತ್ತಿದವನು ಕೆಳಗಿಳಿಯಲಿಲ್ಲ. ಅವನ ತಾಯಿ, ಅಂದರೆ ನನ್ನ ಅತ್ತೆ ಬೆಟ್ಟಮ್ಮನವರು, ಮುದ್ದೆಯನ್ನು ಏಣಿಯ ಮೇಲಿಟ್ಟು ಬಂದರೆ ಅದರಲ್ಲಿ ಏನೋ ಬೆರೆಸಿದ್ದಾರೆಂದು ಮುಟ್ಟುತ್ತಿರಲಿಲ್ಲ. ಕ್ಷೌರವಿಲ್ಲ, ಸ್ನಾನವಿಲ್ಲ. ತಾಯಿತ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಕಡೆಗೆ ಶ್ರೀರಂಗಪಟ್ಟಣದ ಹತ್ತಿರದ ತಮ್ಮ ಕೇಂದ್ರಕ್ಕೆ ಕರೆತಂದೆವು. ತಮ್ಮ ಮಾತ್ರೆ ಕೆಲಸ ಮಾಡಿತು. ಮನುಷ್ಯ ಉಂಡ, ನಿದ್ದೆ ಮಾಡಿದ, ಒಂದು ದಿನ ತಾನಾಗಿಯೇ “ಕೆಂದಸು ಕರ ಆಕ್ತಾ?” ಎಂದು ಮನೆಯ ಕೆಂಪು ಹಸುವಿನ ಸುದ್ದಿ ಕೇಳಿದ. ಅವತ್ತು ನನ್ನ ಹೆಂಡತಿ ಪಾರ್ವತಮ್ಮ ತಮ್ಮ ಆಸ್ಪತ್ರೆಯ ಗೋಡೆಗೇ ಕೈಮುಗಿದಳು. ಆ ಮಾತ್ರೆ ಮನುಷ್ಯರ ಹೊಟ್ಟೆ ಸೇರುವ ಮೊದಲು ಯಾವುದೋ ಇಲಿಯ ಹೊಟ್ಟೆ ಸೇರಿತ್ತಂತೆ. ಆ ಇಲಿಗೂ ನಮ್ಮ ಮನೆತನದ ಪರವಾಗಿ ನಮಸ್ಕಾರ.

ಆ ಇಲಿಗಳ ದರ್ಶನವನ್ನೂ ಪಡೆದಿದ್ದೇವೆ. ತಮ್ಮಲ್ಲಿ ಒಬ್ಬ ಎಳೆಯ ವೈದ್ಯರಿದ್ದಾರೆ, ನಾವು ಅವರನ್ನು ಚಿಕ್ಕ ಡಾಕ್ಟರು ಎನ್ನುತ್ತೇವೆ. ಒಳ್ಳೆಯ ಹುಡುಗ. ಬೆಟ್ಟಮ್ಮನವರ ಪ್ರಶ್ನೆಗಳನ್ನು ತಾಳಲಾರದೆ ಒಂದು ದಿನ ನಮ್ಮನ್ನು ಹಿಂದಿನ ಕಟ್ಟಡಕ್ಕೆ ಕರೆದುಕೊಂಡು ಹೋಗಿ, “ಇವು ನಮ್ಮ ಮಾದರಿ ಇಲಿಗಳು” ಎಂದರು. ನಮ್ಮ ತಾಲ್ಲೂಕಿನಲ್ಲಿ ಮಾದರಿ ಎಂಬ ಪದಕ್ಕೆ ಒಂದೇ ಅರ್ಥ. ಮಾದರಿ ಶಾಲೆ, ಮಾದರಿ ಗ್ರಾಮ, ಮಾದರಿ ರೈತ. ಎಷ್ಟೋ ಪ್ರಶಸ್ತಿಪತ್ರಗಳಲ್ಲಿ ಆ ಪದವನ್ನು ನಾನೇ ಕೆಂಪು ಮಸಿಯಲ್ಲಿ ಅಚ್ಚು ಹಾಕಿದ್ದೇನೆ. ಬೆಟ್ಟಮ್ಮನವರು ಸೆರಗು ಸರಿಮಾಡಿಕೊಂಡು ಪಂಜರದೊಳಕ್ಕೆ ಭಕ್ತಿಯಿಂದ ಇಣುಕಿದರು.

“ನೋಡಿ ಅಳಿಯಂದ್ರೇ, ಎಷ್ಟ್ ಬೆಳ್ಳಗವೆ, ಎಷ್ಟ್ ಸುಮ್ಕವೆ. ನಮ್ಮಟ್ಟದಲ್ಲೂ ಅವೆ, ಒಂದ್ ಕಾಯಿ ಉಳ್ಸಾಕಿಲ್ಲ. ಇವ್ನ ನೋಡಿ ಅವು ಕಲೀಬೇಕು.”

ಮಾದರಿ ಎಂದರೆ ಹಾಗಲ್ಲ, ರೋಗಿಯ ಜಾಗದಲ್ಲಿ ಇಲಿಯನ್ನಿಟ್ಟು ರೋಗವನ್ನು ನೋಡುವುದು ಎಂದು ಚಿಕ್ಕ ಡಾಕ್ಟರು ಬಿಡಿಸಿ ಹೇಳಿದರು. “ಅಂಗಂದ್ರೆ ನಮ್ ತಮ್ಮಯ್ಯಂಗೆ ಇದು ಬದ್ಲಿ ಆಳು ಅನ್ನಿ” ಎಂದರು ಬೆಟ್ಟಮ್ಮ. ಡಾಕ್ಟರು ನಕ್ಕು, ಹೌದು ಎಂದರು. ಆಮೇಲೆ ಒಂದು ಉದ್ದನೆಯ ಪೆಟ್ಟಿಗೆ ತೋರಿಸಿದರು. ಒಂದು ತುದಿಯಲ್ಲಿ ಇಲಿಯನ್ನು ಬಿಡುತ್ತಾರೆ. ಇನ್ನೊಂದು ತುದಿಯಲ್ಲಿ, ತಂತಿಯ ಬಲೆಯ ಹಿಂದೆ, ಗುರುತಿಲ್ಲದ ಇನ್ನೊಂದು ಇಲಿ ಇರುತ್ತದೆ. ಆರೋಗ್ಯವಂತ ಇಲಿ ಓಡಿಹೋಗಿ ಹೊಸಬನನ್ನು ಮೂಸುತ್ತದೆ. ಮರಿಯಿಂದ ಒಂಟಿಯಾಗಿ ಬೆಳೆಸಿದ ಇಲಿಯೋ, ಏನೋ ಮದ್ದು ಚುಚ್ಚಿಸಿಕೊಂಡ ಇಲಿಯೋ ಆದರೆ ಹಾಗೆ ಹೋಗದೆ ಮೂಲೆ ಹಿಡಿಯುತ್ತದೆ. ಮೂಲೆ ಹಿಡಿದದ್ದಕ್ಕೆ ಔಷಧಿ ಕೊಟ್ಟು, ಎದ್ದು ಹೋಗಿ ಮೂಸುತ್ತದೆಯೇ ಎಂದು ನೋಡುತ್ತಾರೆ. ಮೂಸಿದರೆ ಗುಣ.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಇಲಿಯ ಮರ್ಯಾದೆ ಇಲಿಗೆ. ಆದರೆ ಅದೇ ಪೆಟ್ಟಿಗೆಯನ್ನು ಸ್ವಲ್ಪ ದೊಡ್ಡದು ಮಾಡಿ ತಾವು ಮನುಷ್ಯರಿಗೂ ಒಂದು ಕೊಠಡಿ ಕಟ್ಟಿಸಿದ್ದೀರಲ್ಲ, ಅಲ್ಲಿಂದ ನಮ್ಮ ನಿಮ್ಮ ದಾರಿ ಬೇರೆಯಾಯಿತು. ಒಂದು ತುದಿಯಲ್ಲಿ ಒಂದು ಕುರ್ಚಿ. ಇನ್ನೊಂದು ತುದಿಯಲ್ಲಿ ಮೇಜು, ಮೇಜಿನ ಮೇಲೆ ಫ್ಲಾಸ್ಕಿನಲ್ಲಿ ಕಾಫಿ, ತಟ್ಟೆಯಲ್ಲಿ ಬಿಸ್ಕತ್ತು, ಎದುರುಬದುರು ಕುಳಿತು ಕ್ರಿಕೆಟ್ಟಿನ ಮಾತಾಡುವ ಇಬ್ಬರು ಅಪರಿಚಿತರು. ಕಪ್ಪು ಗಾಜಿನ ಹಿಂದೆ ಬರೆದುಕೊಳ್ಳುವವರು. ಮನೆಗೆ ಕಳಿಸುವ ಮುನ್ನ ತಮ್ಮಯ್ಯನನ್ನು ಆ ಕುರ್ಚಿಯ ಮೇಲೆ ಕೂರಿಸಿ ಬಾಗಿಲು ಹಾಕಿದರು. ಅವನು ಮಂಡಿಯ ಮೇಲೆ ಕೈ ಇಟ್ಟುಕೊಂಡು ಕುಳಿತ. ಕುಳಿತೇ ಇದ್ದ. ಕೊನೆಗೆ ಅವರೇ ಬಾಗಿಲು ತೆಗೆದರು. “ಸಾಮಾಜಿಕ ಸಂಪರ್ಕಕ್ಕೆ ಪ್ರಯತ್ನವಿಲ್ಲ, ಚೇತರಿಕೆ ಅಪೂರ್ಣ” ಎಂದು ಬರೆದುಕೊಂಡದ್ದು ಆಮೇಲೆ ನಮಗೆ ತಿಳಿಯಿತು.

ಆ ವಾರ ನಾನು ಅವನನ್ನು ನೋಡಲು ಹೋದಾಗ ಸ್ವಲ್ಪ ಗದರಿಯೇ ಕೇಳಿದೆ. “ಯಾಕ್ಲಾ ತಮ್ಮಯ್ಯ, ಎದ್ದೋಗಿ ಒಂದ್ಲೋಟ ಕಾಪಿ ಕುಡ್ದು ನಾಕ್ ಮಾತಾಡ್ಬಾರ್ದಿತ್ತಾ?”

“ಯಾರ್ ಕರುದ್ರು ಭಾವ?” ಎಂದ ಅವನು. “ಅವ್ರ್ ಪಾಡಿಗವ್ರು ಮಾತಾಡ್ಕೊಂಡು ಕಾಪಿ ಕುಡೀತಾ ಕುಂತಿದ್ರು. ಬಾಪ್ಪ ಅಂತ ಒಂದ್ ಮಾತಂದ್ರಾ? ಕರೀದೆ ವೋಗಿ ಇನ್ನೊಬ್ರ ಕಾಪಿಗೆ ಕೈ ಹಾಕಾಕೆ ನಂಗೇನ್ ಉಚ್ಚಾ?”

ನಿರ್ದೇಶಕರೇ, ಈ ಪ್ರಶ್ನೆಗೆ ತಮ್ಮ ಗ್ರಂಥಾಲಯದಲ್ಲಿ ಉತ್ತರವಿದೆಯೇ? ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಹೆಂಡತಿ ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು, “ನನ್ ತಮ್ಮ ಸರ್ಯಾಗವ್ನೆ ಕಣ್ರೀ” ಎಂದಳು. ಅವಳು ಓದಿದ್ದು ಏಳನೇ ಕ್ಲಾಸು, ಆದರೆ ಅವಳು ಹೇಳಿದ್ದಕ್ಕೆ ಆಧಾರವಿದೆ. ಅದನ್ನೀಗ ತಮ್ಮ ಸನ್ನಿಧಾನದಲ್ಲಿ ಮಂಡಿಸುತ್ತೇನೆ.

ನಮ್ಮ ಸೀಮೆಯಲ್ಲಿ ಕರೆಯುವುದು ಎಂಬುದೊಂದಿದೆ. ನಾನು ಅಚ್ಚು ಹಾಕುವ ಲಗ್ನಪತ್ರಿಕೆ ಕರೆಯಲ್ಲ, ಅದು ಬರೀ ಕಾಗದ. ಮನೆಯವರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಿಗೆ ಬಂದು, ಕೂತು, ಬಾಯಿಬಿಟ್ಟು “ಬರ್ಬೇಕು” ಎಂದರೆ ಅದು ಕರೆ. ಅಷ್ಟಕ್ಕೇ ಮುಗಿಯಲಿಲ್ಲ. ಊಟದ ಹೊತ್ತಿಗೆ ಇನ್ನೊಬ್ಬ ಬಂದು, “ಎಲೆ ಹಾಕವ್ರೆ, ಏಳ್ರಪ್ಪಾ” ಎನ್ನಬೇಕು. ಹಾಗೆನ್ನದೆ ಯಾರೂ ಏಳುವುದಿಲ್ಲ. ನಮ್ಮ ಬೀದಿಯ ದಾಸಯ್ಯನವರು ಎದುರು ಮನೆಯ ಮದುವೆಗೆ ಮಡಿಕೆಯ ಗೆರೆ ಮಾಸದ ಪಂಚೆ ಉಟ್ಟು, ಜಗಲಿಯ ಮೇಲೆ ಕುಳಿತು, ಮೂರು ಪಂಕ್ತಿ ಎದ್ದು ಕೈತೊಳೆಯುವುದನ್ನು ನೋಡಿದರು. ಸಾರಿನ ವಾಸನೆ ಮೂಗಿಗೇ ಬರುತ್ತಿತ್ತು. ಕರೆಯಬೇಕಾದವನು ಗಡಿಬಿಡಿಯಲ್ಲಿ ಮರೆತಿದ್ದ. ದಾಸಯ್ಯನವರು ಒಳಗೆ ಹೋಗಿ ಬೆಳಗಿನ ತಂಗಳು ಮುದ್ದೆ ಉಂಡು ಮಲಗಿದರು. ಮಾರನೆಯ ದಿನ ಎದುರು ಮನೆಯ ಯಜಮಾನ ಬಂದು ಕಾಲಿಗೆ ಬಿದ್ದ. ಸಾಮಾಜಿಕ ಸಂಪರ್ಕಕ್ಕೆ ಪ್ರಯತ್ನವಿಲ್ಲ ಎಂದು ದಾಸಯ್ಯನವರನ್ನು ಯಾರೂ ವಾರ್ಡಿಗೆ ಹಾಕಲಿಲ್ಲ. ಮಾನವಂತ ಎಂದರು.

ನಮ್ಮಲ್ಲಿ ಕರೆಯದೆ ಮನೆಗೆ ಬರುವುದು ಇಲಿಯೊಂದೇ, ಸ್ವಾಮಿ. ಅದಕ್ಕೆ ಅರಿಶಿನ ಬೇಡ, ಕುಂಕುಮ ಬೇಡ, ಎಲೆ ಹಾಕಿದ್ದಾರೆಂದು ಹೇಳುವವರೂ ಬೇಡ. ಯಾರ ಮನೆಯ ಅಡುಗೆಮನೆಯಾದರೂ ನೇರವಾಗಿ ಬಂದು ಮೂಸುತ್ತದೆ. ಅದರ ಜಾತಿಗೆ ಅದು ಸರಿ, ಅದು ಸಭ್ಯ ಇಲಿಯೇ. ಆದರೆ ಇಲಿಯ ಸಭ್ಯತೆಯನ್ನು ಅಳತೆಗೋಲು ಮಾಡಿಕೊಂಡು ದೇವಲಾಪುರದ ಒಬ್ಬ ಗೃಹಸ್ಥನನ್ನು ಅಳೆದು, ಇವನು ಇಲಿಯ ಮಟ್ಟಕ್ಕೆ ಬರಲಿಲ್ಲ ಎಂದು ಬರೆದುಕೊಳ್ಳುವುದು ಯಾವ ಶಾಸ್ತ್ರ?

ಇನ್ನೊಂದು ಸಾಕ್ಷಿ ಕೊಡುತ್ತೇನೆ, ಇದು ಅದಕ್ಕಿಂತ ಗಟ್ಟಿ. ತಮ್ಮಯ್ಯನ ಕಾಯಿಲೆ ಊರಿಗೆ ಗೊತ್ತಾದದ್ದು ಅವನು ಅಟ್ಟ ಹತ್ತಿದಾಗಲ್ಲ, ಅದಕ್ಕೂ ಮುಂಚೆ. ಚಿಕ್ಕಸ್ವಾಮಿಯ ಮನೆಗೂ ಇವರ ಮನೆಗೂ ಗದ್ದೆಯ ಬದುವಿನ ವ್ಯಾಜ್ಯವಿತ್ತು, ಹೋಗಿಬರುವುದು ನಿಂತಿತ್ತು. ಚಿಕ್ಕಸ್ವಾಮಿಯ ಮಗುವಿನ ನಾಮಕರಣಕ್ಕೆ ಇವರಿಗೆ ಕರೆಯಿಲ್ಲ. ಆದರೂ ತಮ್ಮಯ್ಯ ನೆಟ್ಟಗೆ ಹೋಗಿ ಮೊದಲ ಪಂಕ್ತಿಯಲ್ಲಿ ಕುಳಿತ, ಅಕ್ಕಪಕ್ಕದವರನ್ನೆಲ್ಲ ನಗುನಗುತ್ತಾ ಮಾತಾಡಿಸಿದ, ಪಾಯಸ ಎರಡನೇ ಸಲ ಕೇಳಿ ಹಾಕಿಸಿಕೊಂಡ. ಚಿಕ್ಕಸ್ವಾಮಿ ಜಗಳಗಂಟ, ಆದರೂ ಬಯ್ಯಲಿಲ್ಲ. ಊಟ ಮುಗಿಯುವವರೆಗೆ ಕಾದು, ತಾನೇ ಕೈಹಿಡಿದು ಮನೆಗೆ ತಂದುಬಿಟ್ಟು, ಬೆಟ್ಟಮ್ಮನವರ ಹತ್ತಿರ ಮೆಲ್ಲಗೆ ಹೇಳಿದ: “ಅವ್ವಾ, ತಮ್ಮಯ್ಯಂಗೇನೋ ಆಗೈತೆ. ಕರೀದೆ ಬಂದ್ಬುಟ್ಟ.”

ಅವತ್ತು ತಮ್ಮ ಕೊಠಡಿಯಲ್ಲಿ ಕೂರಿಸಿದ್ದರೆ ತಮ್ಮಯ್ಯ ಫ್ಲಾಸ್ಕನ್ನೇ ಬರಿದು ಮಾಡಿ ನೂರಕ್ಕೆ ನೂರು ತೆಗೆದುಕೊಳ್ಳುತ್ತಿದ್ದ. ಕಾಯಿಲೆ ನೆತ್ತಿಗೇರಿದ್ದಾಗ ಪಾಸು, ಇಳಿದ ಮೇಲೆ ಫೇಲು. ಇಂಥ ಪರೀಕ್ಷೆಯನ್ನು ನಮ್ಮ ಪ್ರೈಮರಿ ಸ್ಕೂಲಿನಲ್ಲಿ ನಡೆಸಿದ್ದರೆ ಮೇಷ್ಟರನ್ನು ವರ್ಗ ಮಾಡಿಸುತ್ತಿದ್ದೆವು.

ಈ ಮಾತನ್ನೆಲ್ಲ ಚಿಕ್ಕ ಡಾಕ್ಟರಿಗೆ ಹೇಳಿದೆವು. ಅವರು ಕೇಳಿದರು, ನಿಜವಾಗಿ ಕೇಳಿದರು. “ಒಂದ್ಸಲ ಕರೆದು ನೋಡೋಣ ಅಂತ ಮೇಲಿನವರಿಗೆ ಬರೀತೀನಿ” ಎಂದರು. ಮೇಲಿನವರೆಂದರೆ ತಾವೇ. ನಾನೂ ಒಂದು ಕಾರ್ಡು ಬರೆದೆ. ತಮ್ಮ ಉತ್ತರ ಬಂತು. ಪರೀಕ್ಷೆಯ ವೇಳೆ ರೋಗಿಯನ್ನು ಆಹ್ವಾನಿಸುವುದು ವಿಧಾನಕ್ಕೆ ವ್ಯತಿರಿಕ್ತ, ಆಹ್ವಾನವಿಲ್ಲದೆ ಸ್ವಪ್ರೇರಣೆಯಿಂದ ಸಮೀಪಿಸುವುದೇ ಸ್ವಸ್ಥ ಸಾಮಾಜಿಕ ವರ್ತನೆಯ ಲಕ್ಷಣ ಎಂದು ಅದರಲ್ಲಿತ್ತು. ಓದಿ ಗಾಬರಿಯಾದೆ, ತಮ್ಮ ಆರೋಗ್ಯದ ಬಗ್ಗೆ. ಯಾಕೆಂದರೆ ಹೋದ ವರ್ಷ ನಮ್ಮೂರಿನ ಶಿಕ್ಷಕರ ಸಮಾರಂಭಕ್ಕೆ ತಾವು ಮುಖ್ಯ ಅತಿಥಿ, ಕಾರ್ಡು ಅಚ್ಚು ಹಾಕಿದವನು ನಾನು. ತಮ್ಮ ಕಾರು ಸಭಾಂಗಣದ ಮುಂದೆ ಬಂದು ನಿಂತಿತು. ಒಳಗೆ ಜನವಿತ್ತು, ಕಾಫಿಯೂ ಇತ್ತು. ತಾವು ಇಳಿಯಲಿಲ್ಲ. ಅಧ್ಯಕ್ಷರು ಪಂಚೆ ಎತ್ತಿಕೊಂಡು ಓಡಿಬಂದು ಬಾಗಿಲು ತೆಗೆದು “ದಯಮಾಡಿಸಬೇಕು” ಎನ್ನುವವರೆಗೂ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕುಳಿತೇ ಇದ್ದಿರಿ. ಸ್ವಪ್ರೇರಣೆ ಎಲ್ಲಿ ಹೋಗಿತ್ತು? ಎದುರಿನ ಅಂಗಡಿಯಲ್ಲಿ ಯಾರೂ ಕಪ್ಪು ಗಾಜಿನ ಹಿಂದೆ ಕುಳಿತು ಬರೆದುಕೊಳ್ಳುತ್ತಿರಲಿಲ್ಲ, ತಮ್ಮ ಅದೃಷ್ಟ. ನಾನು ತಮ್ಮನ್ನು ತಪ್ಪು ಎನ್ನುತ್ತಿಲ್ಲ. ತಾವು ಮಾಡಿದ್ದು ಸರಿ, ಮಾನವಂತರು ಹಾಗೇ ಮಾಡುವುದು.

ಇನ್ನು ದೀರ್ಘಾವಧಿ ವಾರ್ಡಿನ ವಿಚಾರ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ತಿಂಗಳಿಗೊಮ್ಮೆ ನೋಡಲು ಬಿಡುತ್ತಾರಂತೆ. ಒಂಟಿಯಾಗಿ ಬೆಳೆಸಿದರೆ ಇಲಿಗೇ ತಲೆ ಕೆಡುತ್ತದೆ ಎಂದು ತೋರಿಸಿಕೊಟ್ಟವರು ತಾವು. ಅದರಿಂದ ತಾವು ಕಲಿತದ್ದು ಮನುಷ್ಯನನ್ನು ಒಂಟಿಯಾಗಿ ಇಡಬೇಕೆಂದೇ? ನಮಗೆ ಬೇಡವಾದ ಕಡೆ ಇಲಿಯನ್ನು ನಂಬುತ್ತೀರಿ, ಬೇಕಾದ ಕಡೆ ಅದರ ಮಾತೇ ಕೇಳುವುದಿಲ್ಲ. ಪಾಪ, ಆ ಇಲಿ ಅಷ್ಟು ಕಷ್ಟಪಟ್ಟು ಮೂಲೆಯಲ್ಲಿ ಕೂತು ತಮಗೆ ಹೇಳಿಕೊಟ್ಟದ್ದು ವ್ಯರ್ಥವಾಯಿತಲ್ಲ ಎಂದು ನನಗೆ ನಿಜವಾಗಿಯೂ ಬೇಜಾರಾಗಿದೆ.

ಮದುವೆಯ ಮಾತಿಗೆ ಬರುತ್ತೇನೆ. ಗಂಡು ಬೆಳಗೊಳದವನು, ಲೋಕೇಶ್ ಎಂದು. ದೂರದ ಸಂಬಂಧದ ಇನ್ನೊಬ್ಬ ಮಾವನನ್ನು ನಿಲ್ಲಿಸಿ ಶಾಸ್ತ್ರ ಮುಗಿಸಿಬಿಡಿ ಎಂದು ಹಿರಿಯರು ನಮಗೆ ಬುದ್ಧಿ ಹೇಳಿದರು. ಸಹನ ಹೆಸರಿಗೆ ಮಾತ್ರ ಸಹನ. “ನನ್ನ ಎಗಲ್ ಮ್ಯಾಲ್ ಕೂರಿಸ್ಕೊಂಡ್ ಸಾಕಿರೋ ಮಾವ ಬಂದ್ರೆ ಹಸೆಗ್ ಬತ್ತೀನಿ. ಇಲ್ದಿದ್ರೆ ನೀವ್ ನೀವೇ ಕೂತ್ಕೊಂಡ್ ಧಾರೆ ಮಾಡ್ಕಳಿ” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಡುಗನಿಗೆ ಹೇಳಿ ಕಳಿಸಿದರೆ ಅವನೂ ಅವಳ ಕಡೆಯೇ. ಇಬ್ಬರೂ ಸೇರಿ ನನ್ನನ್ನು ಮೂಲೆಗೆ ಕೂರಿಸಿದ್ದಾರೆ.

ಸರಿ, ಹೋಗಿ ಕರೆದೇ ಬಿಡೋಣವೆಂದು ನಾನು, ಪಾರ್ವತಮ್ಮ, ಬೆಟ್ಟಮ್ಮನವರು ಮೂವರೂ ತಟ್ಟೆ ಹಿಡಿದುಕೊಂಡು ಬಂದೆವು. ಎಲೆ ಅಡಿಕೆ, ಅರಿಶಿನ ಕುಂಕುಮ, ಮೇಲೆ ಪತ್ರಿಕೆ. ತಮ್ಮ ಗೇಟಿನವನು ತಡೆದ. ವಾರ್ಡು ಬದಲಾಗುವ ರೋಗಿಗಳನ್ನು ಸದ್ಯಕ್ಕೆ ನೋಡುವಂತಿಲ್ಲವಂತೆ, ಪುಡಿಗಿಡಿ ಒಳಗೆ ಬಿಡುವಂತಿಲ್ಲವಂತೆ. ಕುಂಕುಮವನ್ನು ಮೂಸಿ ನೋಡಿ ತಟ್ಟೆ ವಾಪಸು ಕೊಟ್ಟ. ಪತ್ರಿಕೆಯೊಂದನ್ನು ಮಾತ್ರ ಇಸಿದುಕೊಂಡ. ನಾವು ಮೂವರು ಕುಂಕುಮದ ತಟ್ಟೆ ಹಿಡಿದುಕೊಂಡೇ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಯಾರೋ, “ಯಾರ್ ಮನೆ ಮದ್ವೆ?” ಎಂದು ಕೇಳಿದರು. ಪಾರ್ವತಮ್ಮ ಸೆರಗಿನಿಂದ ತಟ್ಟೆ ಮುಚ್ಚಿದಳು.

ಮೊನ್ನೆ ಚಿಕ್ಕ ಡಾಕ್ಟರು ಸಿಕ್ಕಿದ್ದರು. ಪತ್ರಿಕೆ ತಮ್ಮಯ್ಯನ ಕೈ ಸೇರಿದೆ. ಓದಿ, ಮಡಿಸಿ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ. ಅವತ್ತಿನಿಂದ ದಿನಾ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕೂರುತ್ತಾನಂತೆ. ಖುಷಿಯಾಯಿತೇ ಎಂದು ಡಾಕ್ಟರು ಕೇಳಿದ್ದಕ್ಕೆ, “ಕಾರ್ಡ್ ಬಂದೈತೆ ಸ್ವಾಮಿ. ಕರಿಯಾಕೆ ಯಾರೂ ಬರ್ನಿಲ್ಲ” ಎಂದನಂತೆ.

ನಿರ್ದೇಶಕರೇ, ಇಷ್ಟು ಹೊತ್ತು ತಮಾಷೆ ಮಾಡಿಕೊಂಡು ಬಂದೆ. ಈ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಅವನನ್ನು ನಾವು ಬಿಟ್ಟುಬಿಟ್ಟೆವು ಎಂದು ಅವನು ತಿಳಿದುಕೊಂಡಿದ್ದಾನೆ. ಬೆಟ್ಟಮ್ಮನವರಿಗೆ ಇದನ್ನು ಹೇಳಬಾರದಿತ್ತು, ಪಾರ್ವತಮ್ಮ ಹೇಳಿಬಿಟ್ಟಳು. ಮುದುಕಿ ಇಷ್ಟು ಹೇಳಿದರು. “ಕಾಯ್ಲೆ ಬಂದ್ ಮೊದ್ಲಲ್ಲಿ, ಅಟ್ಟ ಅತ್ತಾಕೆ ಮುಂಚೆ, ಯಾರೂ ಕರೀದಿದ್ರೂ, ಬಂದೆ ಬಂದೆ, ಕರೀತಾವ್ರೆ ಅಂತ ಎದ್ದೆದ್ದು ಓಡೋನು. ಆಗ ಇಡ್ದಿಡ್ದು ಕೂರುಸ್ದೆ. ಈಗ ಅದೆಲ್ಲ ನಿಂತೋಗದೆ. ಈಗ ನಾವೇ ಕರುದ್ರೂ ಅವ್ನ್ ಕಿವೀಗ್ ಬೀಳಂಗಿಲ್ವಲ್ಲಪ್ಪ.”

ನನ್ನ ಒತ್ತಾಯ ಇದು. ಅವನನ್ನು ದೀರ್ಘಾವಧಿ ವಾರ್ಡಿಗೆ ಹಾಕುವ ಅಪ್ಪಣೆಯನ್ನು ಹಿಂತೆಗೆದುಕೊಳ್ಳಿ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ನಾವು ಮತ್ತೆ ಬರುತ್ತೇವೆ, ಈ ಸಲ ಸಹನಳೂ ಬರುತ್ತಾಳೆ, ಚಿಕ್ಕಸ್ವಾಮಿಯೂ ಬರುತ್ತೇನೆಂದಿದ್ದಾನೆ. ಗೇಟು ತೆಗೆಸಿ. ತಮ್ಮ ವಿಧಾನ ಕೆಡುವುದಿಲ್ಲ, ಕಪ್ಪು ಗಾಜಿನ ಹಿಂದೆ ನಿಂತು ಬೇಕಾದಷ್ಟು ಬರೆದುಕೊಳ್ಳಿ. ಅವನ ಅಕ್ಕ ಕುಂಕುಮವಿಟ್ಟು, “ಬಾಪ್ಪ, ನಿನ್ ಸೊಸೆ ಮದ್ವೆ” ಎಂದು ಬಾಯಿಬಿಟ್ಟು ಕರೆಯಲಿ. ಆಗಲೂ ಅವನು ಕುರ್ಚಿ ಬಿಟ್ಟು ಏಳದಿದ್ದರೆ ತಾವು ಹೇಳಿದ ವಾರ್ಡಿಗೆ ನಾವೇ ಅವನ ಹಾಸಿಗೆ ಹೊತ್ತು ತರುತ್ತೇವೆ. ಗೇಟು ತೆಗೆಯದಿದ್ದರೆ ಹೊರಗೆ ರಸ್ತೆಯಲ್ಲಿ ನಿಂತು ಕರೆಯುತ್ತೇವೆ. ಮುದುಕಿಯ ಗಂಟಲು ತೋಟದ ಈ ತುದಿಯಿಂದ ಆ ತುದಿಗೆ ಕೇಳಿಸುವಂಥದ್ದು.

ಆಗ ಒಳಗಿನಿಂದ ತಮ್ಮಯ್ಯ “ಬಂದೆ ಕಣವ್ವಾ” ಎಂದರೆ, ಈ ಸಲ ಅದು ಕಾಯಿಲೆಯಲ್ಲ ಎಂದು ದಯಮಾಡಿ ಬರೆದುಕೊಳ್ಳಿ.

ಇಂತಿ,
ಊರಿನವರೆಲ್ಲರ ಕರೆಯೋಲೆ ಅಚ್ಚು ಹಾಕಿಯೂ ಮನೆಯವನೊಬ್ಬನನ್ನು ಕರೆಯಲಾಗದೆ ಕೂತಿರುವ
ನಂಜಪ್ಪ
ನಾಗಮಂಗಲ